ನಡುನೀರಿನಲ್ಲಿ ನಿಂತ ಎಂಜಿನ್

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಮೀನು ತರುವುದು ನಾಡದೋಣಿಗಳ ಪಾಲಿನ ಕೆಲಸ. ಅವು 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಳ್ಳಬಹುದು. ದೋಣಿಯ ಹಿಂಬದಿಗೆ ಸಿಕ್ಕಿಸುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಎಂದು ಹೆಸರು. ಮೇಲೆ ಎಂಜಿನ್ನಿನ ತಲೆ, ಕೆಳಗೆ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ನೀರೊಳಗೆ ತಿರುಗುವ ಫ್ಯಾನು.

ಮಳೆಗಾಲದ ಅಳಿವೆಯನ್ನು ನೋಡಿದವರಿಗೆ ಈ ಎಂಜಿನ್ನಿನ ಬೆಲೆ ಗೊತ್ತು. ನದಿಯ ಕೆಂಪು ನೀರು ಹೊರಕ್ಕೆ ನುಗ್ಗುತ್ತದೆ, ಕಡಲಿನ ತೆರೆ ಒಳಕ್ಕೆ. ದೋಣಿಯ ಮೂತಿ ತೆರೆಗೆ ನೇರವಾಗಿರುವಷ್ಟು ಹೊತ್ತು ಹೇಗೋ ನಡೆಯುತ್ತದೆ. ಎಂಜಿನ್ ನಿಂತಿತೋ, ದೋಣಿ ಅಡ್ಡ ತಿರುಗಿತೆಂದೇ ಲೆಕ್ಕ. ಅಂಥ ದೋಣಿ ಮಗುಚಲು ಒಂದೇ ತೆರೆ ಸಾಕು.

ಇಂಥದೊಂದು ಮಳೆಗಾಲದಲ್ಲಿ ಗಂಗೊಳ್ಳಿಯ ಕಡೆ ಎಂಜಿನ್ ರಿಪೇರಿಯ ಶೆಡ್ಡೊಂದರಲ್ಲಿ ಅರ್ಧ ದಿನ ಕುಳಿತಿದ್ದೆ. ಮೆಕ್ಯಾನಿಕ್‌ಗೆ ಐವತ್ತು ದಾಟಿರಬೇಕು. ಸಹಾಯಕ್ಕೆ ಅಕ್ಕನ ಮಗ, ದ್ವಿತೀಯ ಪಿಯುಸಿ ವಿಜ್ಞಾನದ ಹುಡುಗ. ಬೆಳಿಗ್ಗೆ ಬಂದ ಮೊದಲ ದೋಣಿಯವರದು ಒಂದೇ ಮಾತು: "ಹತ್ತು ನಿಮಿಷ ಓಡ್ತದೆ, ಮತ್ತೆ ನಿಲ್ತದೆ. ಕಂಪ್ರೆಷನ್ ಹೋಗಿದೆ. ಪಿಸ್ಟನ್ ಬಿಚ್ಚಿ ನೋಡಿ."

"ಬಿಚ್ಚುವುದು ಇದ್ದೇ ಇದೆ ಮಾರಾಯ, ಮೊದಲು ನೋಡುವ" ಎಂದ ಮೆಕ್ಯಾನಿಕ್, ಎಂಜಿನ್ನಿನ ಹತ್ತಿರಕ್ಕೂ ಹೋಗದೆ ಎಣ್ಣೆಯ ಟ್ಯಾಂಕಿನ ಮುಚ್ಚಳವನ್ನು ನೋಡಿದ. ಅದರ ಮೇಲೆ ಗಾಳಿ ಹೋಗಲೆಂದು ಒಂದು ಸಣ್ಣ ತಿರುಪು ಇರುತ್ತದೆ. ಮಳೆನೀರು ಇಳಿಯದಿರಲಿ ಎಂದು ಯಾರೋ ಅದನ್ನು ಬಿಗಿದಿದ್ದರು. ಎಣ್ಣೆ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬಾರದಿದ್ದರೆ ಟ್ಯಾಂಕಿನೊಳಗೆ ಒತ್ತಡ ಕುಸಿಯುತ್ತದೆ. ಎಣ್ಣೆ ಕಾರ್ಬುರೇಟರಿಗೆ ಹೋಗುವುದು ನಿಲ್ಲುತ್ತದೆ. ಕೊಳವೆಯ ನಡುವಿನ ರಬ್ಬರ್ ಬಲ್ಬು ಚಪ್ಪಟೆಯಾಗಿದ್ದುದೇ ಸುಳಿವು. ತಿರುಪು ಸಡಿಲಿಸಿದ್ದಷ್ಟೇ ರಿಪೇರಿ. ವಾತಾವರಣದ ಒತ್ತಡದ ಪಾಠವನ್ನು ಎಷ್ಟೋ ಸಲ ಬಾಯಿಪಾಠ ಮಾಡಿದ್ದ ಹುಡುಗ ಆ ಮುಚ್ಚಳವನ್ನು ಎರಡು ಸಲ ತಿರುಗಿಸಿ ನೋಡಿದ.

ಎಂಜಿನ್ ನಿಂತಿತೆಂದರೆ ಕಂಪ್ರೆಷನ್ ಹೋಯಿತೆಂದೇ ಅರ್ಥವಲ್ಲ. ಎಣ್ಣೆಗೆ ನೀರು ಸೇರಿದರೂ ನಿಲ್ಲುತ್ತದೆ. ಗಾಜಿನ ಬಾಟಲಿಗೆ ಸ್ವಲ್ಪ ಎಣ್ಣೆ ಹಿಡಿದಿಟ್ಟರೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುವುದು ಕಾಣುತ್ತದೆ. ಜೋರಾಗಿ ಓಡುವಾಗ ಸರಿಯಿದ್ದು, ನಿಧಾನ ಮಾಡಿದೊಡನೆ ನಿಂತರೆ ಕಾರ್ಬುರೇಟರಿನ ಸಣ್ಣ ರಂಧ್ರ ಕಟ್ಟಿರಬಹುದು. ಪ್ಲಗ್ ಕರಿ ಹಿಡಿದಿರಬಹುದು. ಇವೆಲ್ಲ ಕಡಿಮೆ ಖರ್ಚಿನ ಕೆಲಸಗಳು. ಪಿಸ್ಟನ್ ಬದಲಿಸಿ ಸಿಲಿಂಡರ್ ಬೋರ್ ಮಾಡಿಸಲು ಹೊರಟರೆ ಮಕ್ಕಳ ಕಾಲೇಜು ಫೀಸಿಗೆ ಇಟ್ಟ ದುಡ್ಡು ಕೈಬಿಟ್ಟೀತು. ಆದ್ದರಿಂದಲೇ ಪರೀಕ್ಷೆ ಮೊದಲು, ಸ್ಪ್ಯಾನರು ಆಮೇಲೆ.

ಎರಡನೆಯ ಎಂಜಿನ್ನಿನ ಕಥೆ ಬೇರೆ. ಬೆಳಿಗ್ಗೆ ಹೇಗೋ ಚಾಲೂ ಆಗುತ್ತದೆ. ಬಲೆ ಬಿಡಲು ವೇಗ ತಗ್ಗಿಸಿದರೆ ನಿಲ್ಲುತ್ತದೆ, ಬಿಸಿಯಿದ್ದಾಗ ಮತ್ತೆ ಹಿಡಿಯುವುದೇ ಇಲ್ಲ. ಹಗ್ಗ ಎಳೆದರೆ ಕೈಗೆ ಬಿಗಿ ಸಿಗುವುದಿಲ್ಲ.

ಇಲ್ಲಿ ಕಂಪ್ರೆಷನ್ ಎಂದರೇನು ಎಂದು ಸ್ವಲ್ಪ ತಿಳಿಯೋಣ. ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗಿನ ಗಾಳಿ ಮತ್ತು ಎಣ್ಣೆಯ ಮಿಶ್ರಣವನ್ನು ಒತ್ತಿ ಹಿಡಿಯುತ್ತದೆ. ಒತ್ತಿದ ಮಿಶ್ರಣ ಬಿಸಿಯೇರುತ್ತದೆ, ಪ್ಲಗ್ಗಿನ ಕಿಡಿಗೆ ಜೋರಾಗಿ ಉರಿಯುತ್ತದೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದನ್ನು ಮುಚ್ಚುವುದು ತೆಳುವಾದ ರಿಂಗುಗಳು. ಈ ಪುಟ್ಟ ಎಂಜಿನ್ನುಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್. ನಿಮಿಷಕ್ಕೆ 5000 ಸುತ್ತು ತಿರುಗಿದರೆ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 83 ಸಲ ಸ್ಫೋಟ! ರಿಂಗಿನ ಸಂದಿನಲ್ಲಿ ಒತ್ತಡ ಸೋರತೊಡಗಿದರೆ ವೇಗವಿದ್ದಾಗ ಹೇಗೋ ಸಾಗುತ್ತದೆ. ವೇಗ ತಗ್ಗಿದಾಗ ಸೋರಲು ಹೆಚ್ಚು ಹೊತ್ತು ಸಿಗುವುದರಿಂದ ಎಂಜಿನ್ ಸಾಯುತ್ತದೆ.

ಮೆಕ್ಯಾನಿಕ್ ಎರಡೂ ಪ್ಲಗ್ ಕಳಚಿ, ಕಿಡಿ ಹಾರದಂತೆ ಅವುಗಳ ತಂತಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟ. ಪ್ಲಗ್ಗಿನ ಜಾಗಕ್ಕೆ ಗೇಜನ್ನು ತಿರುಗಿಸಿ ಕೂರಿಸಿ, ಥ್ರಾಟಲ್ ಪೂರ್ತಿ ತೆರೆಸಿದ. ಅದನ್ನು ತೆರೆಯದಿದ್ದರೆ ಗಾಳಿ ಒಳಗೆ ಬಾರದೆ ಗೇಜು ಸುಳ್ಳು ಹೇಳುತ್ತದೆ. ಹುಡುಗ ಹಗ್ಗವನ್ನು ನಾಲ್ಕೈದು ಸಲ ಜೋರಾಗಿ ಎಳೆದ. ಕೆಳಗಿನ ಸಿಲಿಂಡರು 110 ಪೌಂಡು ತೋರಿಸಿತು. ಮೇಲಿನದು 70.

ಗೇಜಿನ ಅಂಕಿ ಎಷ್ಟಿರಬೇಕೆಂಬುದು ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಸೀಮೆಎಣ್ಣೆ ಎಂಜಿನ್ನನ್ನು ಪಕ್ಕದವರ ಪೆಟ್ರೋಲ್ ಎಂಜಿನ್ನಿನೊಂದಿಗೆ ಹೋಲಿಸಬಾರದು. ಸೀಮೆಎಣ್ಣೆ ಹೆಚ್ಚು ಒತ್ತಡವನ್ನು ತಡೆಯದೆ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಹೊತ್ತಿಕೊಳ್ಳುವುದರಿಂದ, ಆ ಎಂಜಿನ್ನುಗಳನ್ನು ಕಡಿಮೆ ಒತ್ತಡಕ್ಕೆಂದೇ ಮಾಡಿರುತ್ತಾರೆ. ಆದರೆ ಒಂದೇ ಎಂಜಿನ್ನಿನ ಎರಡು ಸಿಲಿಂಡರುಗಳ ನಡುವೆ ಶೇಕಡಾ 10–15ಕ್ಕಿಂತ ಹೆಚ್ಚು ಅಂತರ ಇರಬಾರದು. ಇಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೇ ಇತ್ತು.

ಮುಂದಿನದು ನನಗೆ ಬಹಳ ಹಿಡಿಸಿದ ಪರೀಕ್ಷೆ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಹಗ್ಗ ಎಳೆಸಿದ. ಮುಳ್ಳು 95ಕ್ಕೆ ಏರಿತು. "ಯಾಕೆ ಏರಿತು ಹೇಳು?" ಎಂದು ಹುಡುಗನನ್ನು ಕೇಳಿದ. ಸ್ವಲ್ಪ ಯೋಚಿಸಿ, "ಆಯಿಲ್ ರಿಂಗಿನ ಸಂದು ಮುಚ್ಚಿತಲ್ಲ ಮಾವ" ಎಂದ. ಸರಿ ಉತ್ತರ. ಏರದೇ ಇದ್ದಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟನ್ನೋ ಪಿಸ್ಟನ್ನಿನ ತೂತನ್ನೋ ಸಂಶಯಿಸಬೇಕಿತ್ತು. (ಗೇಜೂ ಸರ್ವಜ್ಞನಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯೂ ಗಾಳಿಯಾಡದಂತೆ ಇರಬೇಕು. ಅಲ್ಲಿಯ ಸೀಲು ಹೋದರೆ ಗೇಜು ಸರಿ ತೋರಿಸುತ್ತದೆ, ಎಂಜಿನ್ ಮಾತ್ರ ನಿಲ್ಲುತ್ತದೆ.)

ಬಿಚ್ಚಿದಾಗ ಮೇಲಿನ ಪಿಸ್ಟನ್ನಿನ ರಿಂಗುಗಳು ಕರಿಯ ಮಸಿಯಲ್ಲಿ ಅಂಟಿ, ಅಲ್ಲಾಡದೆ ಕುಳಿತಿದ್ದವು. ಸಿಲಿಂಡರಿಗೆ ಆಳದ ಗೀರು ಬಿದ್ದಿರಲಿಲ್ಲ, ಪುಣ್ಯ. ಹೊಸ ರಿಂಗು ಹಾಕಿ ಕಳಿಸಿಬಿಡಬಹುದಿತ್ತು. ಬಹಳ ಮಂದಿ ಹಾಗೆಯೇ ಮಾಡುತ್ತಾರೆ, ತಿಂಗಳೆರಡು ಕಳೆದ ಮೇಲೆ ಅದೇ ಎಂಜಿನ್ ಅದೇ ಶೆಡ್ಡಿಗೆ ಬರುತ್ತದೆ. ಈತ ಮಾತ್ರ ಎಂಜಿನ್ನಿನ ಕಾಲನ್ನೂ ಕಳಚಿದ. ಕಡಲಿನ ನೀರನ್ನೇ ಮೇಲಕ್ಕೆತ್ತಿ ಎಂಜಿನ್ನನ್ನು ತಂಪಾಗಿಡುವ ಪಂಪು ಅಲ್ಲಿರುತ್ತದೆ. ಅದರ ರಬ್ಬರ್ ಚಕ್ರದ ಎರಡು ಎಸಳು ಮುರಿದಿದ್ದವು. ಸಿಲಿಂಡರಿನ ಸುತ್ತಣ ನೀರಿನ ದಾರಿಯಲ್ಲಿ ಉಪ್ಪು ಗಟ್ಟಿಯಾಗಿ ಕೂತಿತ್ತು. ನೀರು ಕೊನೆಗೆ ತಲುಪಬೇಕಾದ ಮೇಲಿನ ಸಿಲಿಂಡರೇ ಹೆಚ್ಚು ಬಿಸಿಯಾಗಿ, ಆಯಿಲ್ ಸುಟ್ಟು ಮಸಿಯಾಗಿ, ರಿಂಗು ಹಿಡಿದುಕೊಂಡಿತ್ತು.

ದೋಣಿಯವರು ಇದನ್ನು ಮೊದಲೇ ಕಾಣಬಹುದಿತ್ತು. ಎಂಜಿನ್ ಓಡುವಾಗ ಅದರ ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಎಳೆ ಚಿಮ್ಮುತ್ತಿರಬೇಕು. ಅದು ಸಣ್ಣಗಾದರೆ ಆಗಲೇ ಎಚ್ಚರ. ದಿನದ ಕೆಲಸ ಮುಗಿದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿದರೆ ಉಪ್ಪು ತೊಳೆದುಹೋಗುತ್ತದೆ. ಸೀಮೆಎಣ್ಣೆ ಎಂಜಿನ್ನುಗಳು ಪೆಟ್ರೋಲಿನಲ್ಲಿ ಶುರುವಾಗಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುತ್ತವೆ. ನಿಲ್ಲಿಸುವ ಮುನ್ನವೂ ಪೆಟ್ರೋಲಿಗೆ ಮರಳಿಸಿದರೆ ಮಾರನೆಯ ದಿನ ಹಗ್ಗ ಎಳೆದು ತೋಳು ನೋಯಿಸಿಕೊಳ್ಳಬೇಕಿಲ್ಲ.

ಈ ಕೆಲಸದಲ್ಲಿ ಆಸಕ್ತಿಯಿರುವ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಕೊಚ್ಚಿಯಲ್ಲಿ 1963ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮೀನುಗಾರಿಕಾ ತರಬೇತಿ ಸಂಸ್ಥೆ, ಸಿಫ್‌ನೆಟ್, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮರೈನ್ ಫಿಟ್ಟರ್ ತರಬೇತಿ ಕೊಡುತ್ತ ಬಂದಿದೆ. ಗಣಿತ, ವಿಜ್ಞಾನದಲ್ಲಿ ಅಂಕ ಬೇಕಾಗುತ್ತದೆ.

ಸಂಜೆಗೆ ಎಂಜಿನ್ ಜೋಡಣೆಯಾಯಿತು. ಕೆರೆದು ತೆಗೆದ ಉಪ್ಪಿನ ಚಕ್ಕೆಗಳನ್ನು ಮೆಕ್ಯಾನಿಕ್ ಒಂದು ಡಬ್ಬಿಯ ಮುಚ್ಚಳದಲ್ಲಿಟ್ಟು ದೋಣಿಯವರ ಕೈಗೆ ಕೊಟ್ಟ. ಎಂಜಿನ್ನನ್ನು ಡ್ರಮ್ಮಿನ ನೀರಿಗಿಳಿಸಿ ಹಗ್ಗ ಎಳೆದಾಗ ಎರಡನೆಯ ಎಳೆತಕ್ಕೇ ಹಿಡಿಯಿತು. ಹುಡುಗ ಹಿಂಬದಿಯ ರಂಧ್ರದ ಮುಂದೆ ಕೈಯೊಡ್ಡಿ ಕುಳಿತಿದ್ದ. ಸ್ವಲ್ಪ ಹೊತ್ತಿಗೆ ನೀರಿನ ಎಳೆ ಅವನ ಅಂಗೈಗೆ ಬಂದು ಬಡಿಯಿತು.

"ಬೆಚ್ಚಗುಂಟು ಮಾವ" ಎಂದ.