ನಡುದಾರಿಯ ಫೈಬರ್ ಯಾರ ಕೈಯಲ್ಲಿದೆ?

ಐಪಿಎಲ್ ಪಂದ್ಯದ ಕೊನೆಯ ಓವರಿನಲ್ಲಿ ಪರದೆ ಮೇಲೆ ಚಕ್ರ ತಿರುಗಲು ಶುರುವಾದರೆ ಬೈಗುಳ ತಿನ್ನುವವರು ಊರಿನ ಕೇಬಲ್‌ನವರು. ಮನೆಗೆ ಫೈಬರ್ ಎಳೆದವರು ಅವರು, ರೂಟರ್ ಕೂರಿಸಿದವರು ಅವರು, ತಿಂಗಳಿಗೊಮ್ಮೆ ಬಾಗಿಲಿಗೆ ಬಂದು ದುಡ್ಡು ಕೇಳುವವರೂ ಅವರೇ. ಆದರೆ ಬಹಳ ಸಲ ತೊಂದರೆ ಅವರ ವೈರಿನಲ್ಲಿ ಇರುವುದಿಲ್ಲ. ಬೆಂಗಳೂರಿನಿಂದ ಅವರ ಅಂಗಡಿಯ ಹಿಂದಿನ ಪೆಟ್ಟಿಗೆಯವರೆಗೆ ಬ್ಯಾಂಡ್‌ವಿಡ್ತ್ ಹೊತ್ತು ತರುವ ದಾರಿಯಲ್ಲಿ ಇರುತ್ತದೆ. ಈ ನಡುದಾರಿಗೆ ಆ ವ್ಯವಹಾರದವರು ಬ್ಯಾಕ್‌ಹಾಲ್ ಅನ್ನುತ್ತಾರೆ. ಹಳ್ಳಿಗಾಡಿನ ಸಣ್ಣ ಇಂಟರ್‌ನೆಟ್ ಕಂಪನಿ ಉಳಿಯುವುದೋ ಮುಚ್ಚುವುದೋ ತೀರ್ಮಾನವಾಗುವುದು ಅಲ್ಲೇ.

ರಾಮನಗರ ಸೀಮೆಯಲ್ಲಿ ಇದು ವಿಚಿತ್ರವಾಗಿ ಕಾಣುತ್ತದೆ. ದೇಶದಲ್ಲೇ ಅತಿ ಹೆಚ್ಚು ಇಂಟರ್‌ನೆಟ್ ನುಂಗುವ ಊರುಗಳಲ್ಲಿ ಒಂದು ಪಕ್ಕದಲ್ಲೇ ಇದೆ. ಸಮುದ್ರದಡಿಯ ಕೇಬಲ್‌ಗಳು ಮುಂಬೈ, ಚೆನ್ನೈಗಳಲ್ಲಿ ದಡ ಹತ್ತಿದರೂ ಬೆಂಗಳೂರಿನ ಡೇಟಾ ಸೆಂಟರ್‌ಗಳಲ್ಲಿ ಬ್ಯಾಂಡ್‌ವಿಡ್ತ್ ಸಗಟಿನಲ್ಲಿ ಸಿಗುತ್ತದೆ. 2003ರಲ್ಲಿ ಶುರುವಾದ ನಿಕ್ಸಿ ಎಂಬ ರಾಷ್ಟ್ರೀಯ ಇಂಟರ್‌ನೆಟ್ ವಿನಿಮಯ ಕೇಂದ್ರದ ಕೂಡುತಾಣವೂ ಅಲ್ಲಿದೆ. ಅಲ್ಲಿಂದ ಮಾಗಡಿ, ರಾಮನಗರ, ಕನಕಪುರಗಳಿಗೆ ಐವತ್ತು ಕಿಲೋಮೀಟರ್ ಆಸುಪಾಸು, ಚನ್ನಪಟ್ಟಣಕ್ಕೆ ಹತ್ತು ಹೆಚ್ಚು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರೂ ಬಂತು. ಹೆಸರು ಬಂದಷ್ಟು ಸಲೀಸಾಗಿ ಬ್ಯಾಂಡ್‌ವಿಡ್ತ್ ಬರುವುದಿಲ್ಲ, ಅಷ್ಟೇ.

ಎಷ್ಟು ಬೇಕು ಎಂಬುದರ ಲೆಕ್ಕ ಸುಲಭ. ಗಿರಾಕಿಗೆ 50 ಎಂಬಿಪಿಎಸ್ ಪ್ಲಾನ್ ಮಾರಿದರೂ ಎಲ್ಲರೂ ಒಂದೇ ಗಳಿಗೆಯಲ್ಲಿ ಅಷ್ಟನ್ನೂ ಎಳೆಯುವುದಿಲ್ಲ. ರಾತ್ರಿ ಎಂಟರಿಂದ ಹನ್ನೊಂದರ ಜನಜಂಗುಳಿಯಲ್ಲಿ ಮನೆಯೊಂದಕ್ಕೆ ಸರಾಸರಿ ಎರಡರಿಂದ ಮೂರು ಎಂಬಿಪಿಎಸ್ ಹಿಡಿದರೆ ನಡೆಯುತ್ತದೆ. ಎಂಟುನೂರು ಮನೆ ಇದ್ದರೆ ಸುಮಾರು ಎರಡು ಜಿಗಾಬಿಟ್ ಆಯಿತು. ಒಂದು ಜಿಗಾಬಿಟ್ಟಿನ ಲೀಸ್ಡ್ ಲೈನ್ ಅಲ್ಲಿಗೇ ಸಾಲದು. 10 ಜಿಗಾಬಿಟ್ಟಿನ ಪೋರ್ಟ್ ಬೇಕು, ಅದು ತಾಲ್ಲೂಕು ಕೇಂದ್ರದಲ್ಲೇ ಕೈಗೆ ಸಿಗಬೇಕು. ಬೆಂಗಳೂರಿನಲ್ಲಿ ಬ್ಯಾಂಡ್‌ವಿಡ್ತ್ ಮಾರುವವರು ಒಬ್ಬರ ಮೇಲೊಬ್ಬರು ಬಿದ್ದು ದರ ಇಳಿಸುತ್ತಾರೆ. ಕನಕಪುರ ತಾಲ್ಲೂಕಿನ ಸಾತನೂರಿನಲ್ಲಿ ನಿಂತು ಕೇಳಿ, ಮಾರುವವರನ್ನು ಎಣಿಸಲು ಒಂದು ಕೈಯ ಬೆರಳು ಹೆಚ್ಚಾದೀತು.

ಯಾಕೆ ಹೀಗೆ? ಫೈಬರ್ ಹಳೆಯ ದಾರಿಗಳನ್ನೇ ಹಿಡಿದು ಹೋಗುತ್ತದೆ. 1876–78ರ ಧಾತು–ಈಶ್ವರ ಸಂವತ್ಸರಗಳ ಬರದ ಬೆನ್ನಿಗೇ ಮೈಸೂರು ಸಂಸ್ಥಾನ ಬೆಂಗಳೂರು–ಮೈಸೂರು ರೈಲು ಹಾಕಿಸಿತು. ಬಿಡದಿ, ರಾಮನಗರ, ಚನ್ನಪಟ್ಟಣ ಆ ಹಳಿಯ ಮೇಲೆ ಬಂದವು. 2000ದಲ್ಲಿ ಹುಟ್ಟಿದ ರೈಲ್‌ಟೆಲ್ ಹಳಿಗಳ ಪಕ್ಕದ ಫೈಬರನ್ನೇ ಬಂಡವಾಳ ಮಾಡಿಕೊಂಡ ಸಾರ್ವಜನಿಕ ಕಂಪನಿ. ಊರಿನ ಕೇಬಲ್ ಆಪರೇಟರ್‌ಗಳನ್ನು ಪಾಲುದಾರರನ್ನಾಗಿ ಸೇರಿಸಿಕೊಂಡು ರೈಲ್‌ವೈರ್ ಹೆಸರಿನಲ್ಲಿ ಅದು ಮನೆಗಳಿಗೂ ಇಂಟರ್‌ನೆಟ್ ಕೊಡುತ್ತದೆ. ಹಳಿಗೆ ಜೊತೆಯಾಗಿ ಮೈಸೂರು ಹೆದ್ದಾರಿ. ದೊಡ್ಡ ಟೆಲಿಕಾಂ ಕಂಪನಿಗಳು ಉದ್ದ ದೂರದ ಫೈಬರ್ ಹಾಕಲು ಮೊದಲು ಹುಡುಕುವುದು ಇಂಥ ದಾರಿಯನ್ನೇ. ಹಾಗಾಗಿ ಚನ್ನಪಟ್ಟಣದ ಸಣ್ಣ ಕಂಪನಿಗೆ ಚೌಕಾಸಿ ಮಾಡಲು ನಾಲ್ಕು ಮಂದಿಯಾದರೂ ಸಿಗುತ್ತಾರೆ.

ಕನಕಪುರಕ್ಕೆ ರೈಲಿಲ್ಲ. 1990ರ ದಶಕದಲ್ಲೇ ಮಂಜೂರಾದ ಹೆಜ್ಜಾಲ–ಕನಕಪುರ–ಚಾಮರಾಜನಗರ ಮಾರ್ಗ ಕಾಗದ ಬಿಟ್ಟು ಇಳಿದಿಲ್ಲ. ಮಾಗಡಿ ಪಟ್ಟಣಕ್ಕೂ ಇಲ್ಲ, ಬೆಂಗಳೂರು–ಹಾಸನದ ಹಳಿ ಸೋಲೂರಿನ ಕಡೆಯಿಂದ ಹಾದುಹೋಗುತ್ತದೆ. ಕನಕಪುರದಿಂದ ದಕ್ಷಿಣಕ್ಕೆ ಮೇಕೆದಾಟಿನ ಕಾಡಿನಂಚಿನವರೆಗೆ ಇರುವ ಹಳ್ಳಿಗಳ ಪಾಲಿಗೆ ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜೇ ಗತಿ. ಇಲ್ಲವೇ ತನ್ನದೇ ಟವರ್‌ಗಳಿಗೆಂದು ಫೈಬರ್ ಎಳೆದಿಟ್ಟುಕೊಂಡ ಮೊಬೈಲ್ ಕಂಪನಿ. ಅದೇ ಕಂಪನಿ ಮನೆಮನೆಗೆ 5ಜಿ ಪೆಟ್ಟಿಗೆ ಮಾರುತ್ತಿರುವಾಗ ಪ್ರತಿಸ್ಪರ್ಧಿಗೆ ಸಗಟು ದರದಲ್ಲಿ ಫೈಬರ್ ಕೊಡು ಎಂದರೆ ಕೊಟ್ಟೀತೇ?

ಭಾರತ್‌ನೆಟ್ ಇದೆಯಲ್ಲ ಅನ್ನಬಹುದು. 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ಈ ಯೋಜನೆ ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಎಂಬಿಪಿಎಸ್ ಮುಟ್ಟಿಸುವ ಗುರಿ ಇಟ್ಟುಕೊಂಡಿತ್ತು. ಮೇಲಿನ ಲೆಕ್ಕದಲ್ಲಿ 100 ಎಂಬಿಪಿಎಸ್ ಅಂದರೆ ನಲವತ್ತು ಮನೆಗಳ ಸಂಜೆ. ಪಂಚಾಯಿತಿ ಕಚೇರಿಯ ಕೆಲಸಕ್ಕೆ ಧಾರಾಳ, ಊರಿಗೆ ಮಾರುವವನಿಗೆ ಏನೇನೂ ಅಲ್ಲ. ಮೊದಲ ಹಂತದಲ್ಲಿ ತಾಲ್ಲೂಕು ಎಕ್ಸ್‌ಚೇಂಜಿನಿಂದ ಹೊರಟ ಒಂದೇ ಎಳೆ ಕವಲೊಡೆದು ಪಂಚಾಯಿತಿ ಮುಟ್ಟುತ್ತಿತ್ತು. ನಡುವೆ ಎಲ್ಲಿ ಕತ್ತರಿಸಿದರೂ ಅದರಾಚೆಗೆ ಕತ್ತಲೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಎಳೆಯ ಬದಲು ಉಂಗುರ ಇದೆ: ಒಂದು ಕಡೆ ಕತ್ತರಿಸಿದರೆ ಸಂಚಾರ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ತಡವಾದರೂ ಸರಿಯಾದ ಹೆಜ್ಜೆ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಹೂತಿಟ್ಟ ಕೇಬಲ್‌ಗಳಲ್ಲಿ ಬೆಳಕೇ ಹರಿಯದ ಎಳೆಗಳು ಇರುತ್ತವೆ. ಅವೇ ಡಾರ್ಕ್ ಫೈಬರ್. ಅದನ್ನು ಬಾಡಿಗೆಗೆ ಕೊಟ್ಟರೆ ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ 10 ಜಿಗಾಬಿಟ್ ಹಾಯಿಸಲು ಮಧ್ಯೆ ಒಂದು ಯಂತ್ರವೂ ಬೇಡ. ಫೈಬರಿನಲ್ಲಿ ಬೆಳಕು ಸವೆಯುವುದು ಕಿಲೋಮೀಟರಿಗೆ ಕಾಲು ಡೆಸಿಬೆಲ್ ಆಸುಪಾಸು. ಅರವತ್ತು ಕಿಲೋಮೀಟರಿಗೆ ಹದಿನೈದು, ಜೋಡಣೆಗಳ ನಷ್ಟಕ್ಕೆಂದು ಇನ್ನೆರಡು ಮೂರು ಸೇರಿಸಿ. 80 ಕಿಲೋಮೀಟರಿಗೆಂದು ಮಾಡಿದ, ಹೆಬ್ಬೆರಳ ಗಾತ್ರದ ಆಪ್ಟಿಕ್ ಮಾಡ್ಯೂಲ್ ಇಪ್ಪತ್ತಮೂರು ಡೆಸಿಬೆಲ್‌ವರೆಗೆ ತಾಳಿಕೊಳ್ಳುತ್ತದೆ. ಎರಡು ತುದಿಗೆ ಎರಡು ಮಾಡ್ಯೂಲ್, ಎರಡು ಸ್ವಿಚ್, ಮುಗಿಯಿತು. ಮುಂದೆ ಗಿರಾಕಿ ಹೆಚ್ಚಿದರೆ ಅದೇ ಎಳೆಯಲ್ಲಿ ಇನ್ನೊಂದು ಬಣ್ಣದ ಬೆಳಕು ಹರಿಸಿ ಮತ್ತೊಂದು 10 ಜಿಗಾಬಿಟ್ ಹಾಕಬಹುದು. ಬ್ಯಾಂಡ್‌ವಿಡ್ತನ್ನು ಅಳೆದು ಅಳೆದು ಮಾರುವವರಿಗೆ ಈ ವ್ಯಾಪಾರ ರುಚಿಸುವುದಿಲ್ಲ. ಡಾರ್ಕ್ ಫೈಬರ್ ಬಾಡಿಗೆಗೆ ಕೊಡಲೆಂದೇ ನೋಂದಾಯಿಸಿಕೊಂಡ ಮೂಲಸೌಕರ್ಯ ಕಂಪನಿಗಳಿವೆ, ಆದರೆ ಅವುಗಳ ಕಣ್ಣೂ ಹೆದ್ದಾರಿಯ ಮೇಲೇ.

ಗಾಳಿಯಲ್ಲಿ ಕಳಿಸಬಹುದಲ್ಲ? ಹೆಬ್ಬಂಡೆಗಳ ಈ ಸೀಮೆಯನ್ನು ನೋಡಿದವರಿಗೆ ಮೊದಲು ಹೊಳೆಯುವ ಉಪಾಯ ಅದೇ. 2018ರ ಅಕ್ಟೋಬರಿನಿಂದ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗ ಹೊರಾಂಗಣದಲ್ಲೂ ಪರವಾನಗಿಯಿಲ್ಲದೆ ಬಳಸಲು ಮುಕ್ತ. ಎದುರುಬದುರು ಕಣ್ಣಿಗೆ ಕಾಣುವ ಎರಡು ಎತ್ತರದ ಜಾಗಗಳಿದ್ದರೆ ಡಿಶ್ ಕಟ್ಟಿ ಹದಿನೈದು ಇಪ್ಪತ್ತು ಕಿಲೋಮೀಟರ್ ದಾಟಿಸಬಹುದು, ಮಳೆಗೂ ಅದು ಅಷ್ಟಾಗಿ ಜಗ್ಗದು. ನೆರೆಯ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಸಮುದಾಯದ್ದೇ ಆದ ವೈರ್‌ಲೆಸ್ ಮೆಶ್ ಜಾಲ ಕಟ್ಟಿ ತೋರಿಸಿದೆ. ಆದರೆ ಇಂಥ ಲಿಂಕಿನಿಂದ ಗಿಟ್ಟುವುದು ಕೆಲವು ನೂರು ಎಂಬಿಪಿಎಸ್. ಬೆಂಗಳೂರಿನ ಅಂಚಿನಲ್ಲಂತೂ ಎಲ್ಲರೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತಿರುತ್ತಾರೆ. ಬಂಡೆಗಳೂ ಬಿಟ್ಟಿ ಟವರ್‌ಗಳಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಸಾವನದುರ್ಗ ಅರಣ್ಯ ಇಲಾಖೆಯದ್ದು. ನಿಜವಾಗಿ ಹಲವು ಜಿಗಾಬಿಟ್ ಹೊರಬಲ್ಲ 70/80 ಗಿಗಾಹರ್ಟ್ಸಿನ ಇ-ಬ್ಯಾಂಡನ್ನು ಸರಳ ನಿಯಮಗಳಡಿ ತೆರೆಯಿರಿ ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2014ರಲ್ಲೇ ಶಿಫಾರಸು ಮಾಡಿತ್ತು. ಆಮೇಲೆ ಅದು ಸಿಕ್ಕಿದ್ದು ಮೊಬೈಲ್ ಕಂಪನಿಗಳಿಗೆ. ಹಳ್ಳಿಯ ಕಂಪನಿಗೆ ಅತಿ ಉಪಯುಕ್ತವಾದ ತರಂಗ ಅದರ ಕೈಗೇ ಎಟುಕದಂತೆ ಇಟ್ಟಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಇನ್ನು ಜೇಸಿಬಿ. ಫೈಬರ್ ಸಿಕ್ಕಿದ ಮೇಲೂ ಅದನ್ನು ಉಳಿಸಿಕೊಳ್ಳುವುದು ದಿನದ ಯುದ್ಧ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಹಳ್ಳಿಹಳ್ಳಿಯಲ್ಲಿ ನಲ್ಲಿ ಪೈಪಿಗೆ ಚರಂಡಿ ತೋಡಿಸಿತು, ಮೈಸೂರು ರಸ್ತೆ, ಕನಕಪುರ ರಸ್ತೆ ಎರಡೂ ಅಗಲವಾದವು. ಅಗೆಯುವ ಮುಂಚೆ ತಿಳಿಸಿ ಎಂದು 2023ರಲ್ಲಿ ಕೇಂದ್ರ ಸರ್ಕಾರ ಒಂದು ಆ್ಯಪ್ ತಂದಿದೆ. ರಸ್ತೆ ಪಕ್ಕದ ಜೇಸಿಬಿ ಡ್ರೈವರ್ ಆ್ಯಪ್ ನೋಡಿ ಬಕೆಟ್ ಇಳಿಸುತ್ತಾನೆ ಎಂದು ನಂಬುವವರು ರಸ್ತೆ ಕೆಲಸ ನೋಡಿಲ್ಲ.

ಕಟ್ ಆದ ಮೇಲಿನ ಕೆಲಸ ಹೀಗೆ. ಎಕ್ಸ್‌ಚೇಂಜಿನ ತುದಿಯಲ್ಲಿ ಓಟಿಡಿಆರ್ ಯಂತ್ರ ಹಚ್ಚಿ ಬೆಳಕಿನ ತುಣುಕೊಂದನ್ನು ಬಿಡುತ್ತಾರೆ. ಅದು ಮರಳಿ ಬರುವ ಹೊತ್ತಿನಿಂದ ಎಷ್ಟು ಮೀಟರ್ ದೂರದಲ್ಲಿ ತುಂಡಾಗಿದೆ ಎಂದು ತಿಳಿಯುತ್ತದೆ. ಆ ಜಾಗಕ್ಕೆ ಬೈಕಿನಲ್ಲಿ ಹೋಗಿ, ಮಣ್ಣಿನಿಂದ ಎರಡೂ ತುದಿ ಎಳೆದು, ಹೊರಗಿನ ಕಪ್ಪು ಕವಚ ಸೀಳಿ, ಒಳಗಿನ ಜೆಲ್ ಒರೆಸುತ್ತಾರೆ. ಆಗ ಕಾಣುತ್ತವೆ ನೀಲಿ, ಕಿತ್ತಳೆ, ಹಸಿರು, ಕಂದು ಎಳೆಗಳು. ಬಣ್ಣಗಳಿಗೆ ಒಂದು ಗೊತ್ತಾದ ಕ್ರಮವಿದೆ. ಬಣ್ಣ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಲೀವರಿನಲ್ಲಿ ತುದಿಯನ್ನು ನೇರಕ್ಕೆ ಮುರಿದು ಸ್ಪ್ಲೈಸಿಂಗ್ ಯಂತ್ರದಲ್ಲಿ ಇಡುತ್ತಾರೆ. ಬೆಳಕು ಹರಿಯುವ ತಿರುಳು ಒಂಬತ್ತು ಮೈಕ್ರಾನ್, ತಲೆಗೂದಲಿನ ದಪ್ಪದ ಪುಟ್ಟದೊಂದು ಪಾಲು. ಲಾರಿ ಹೋದಾಗ ಏಳುವ ಧೂಳಿನ ಒಂದು ಕಣ ಸಾಕು ಕೆಲಸ ಕೆಡಿಸಲು. ಆದ್ದರಿಂದಲೇ ಯಂತ್ರದ ಮೇಲೆ ಕೊಡೆ ಹಿಡಿದು, ಬೆನ್ನು ರಸ್ತೆಗೆ ಮಾಡಿ ಕೂರುತ್ತಾರೆ. ಕಿಡಿ ಹಾರಿ ಗಾಜು ಗಾಜಿಗೆ ಬೆಸೆಯುತ್ತದೆ. ಪರದೆ ಮೇಲೆ 0.02 ಡೆಸಿಬೆಲ್ ಎಂದು ಬಂದರೆ ಮುಂದಿನ ಎಳೆ. 24 ಎಳೆಯ ಕೇಬಲ್ ಆದರೆ ಮಧ್ಯಾಹ್ನದ ಊಟ ಸಂಜೆಗೆ.

ಈ ರಗಳೆ ಬೇಡವೆಂದು ಬಹಳ ಮಂದಿ ಕೇಬಲ್ಲನ್ನು ಬೆಸ್ಕಾಂ ಕಂಬದಿಂದ ಕಂಬಕ್ಕೆ ಕಟ್ಟಿಬಿಡುತ್ತಾರೆ. 2024ರಲ್ಲಿ ಬೆಂಗಳೂರಿನಲ್ಲಿ ಬೆಸ್ಕಾಂ ಕಂಬದ ಮೇಲಿನ ಕೇಬಲ್‌ಗಳನ್ನು ಕಿತ್ತುಹಾಕಲು ಹೊರಟದ್ದು ಇಲ್ಲಿಯವರಿಗೂ ಎಚ್ಚರಿಕೆಯೇ. ಈ ಜಿಲ್ಲೆಗೂ ಕರೆಂಟು ಕೊಡುವುದು ಅದೇ ಬೆಸ್ಕಾಂ. ಬಾಡಿಗೆ ಕಟ್ಟಿ ಅನುಮತಿ ಪಡೆದ ಕಂಬದ ಮೇಲೆ ಮಾತ್ರ ಸಾಲ ತಂದ ದುಡ್ಡು ಹಾಕುವುದು ಲೇಸು.

ಸಣ್ಣವರು ಒಬ್ಬೊಬ್ಬರೇ ಹೋಗಿ ಬ್ಯಾಂಡ್‌ವಿಡ್ತ್ ಕೇಳುವುದನ್ನು ಮೊದಲು ಬಿಡಬೇಕು. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ಗಳು ತಮ್ಮ ಕ್ಯಾಶ್ ಸರ್ವರ್‌ಗಳನ್ನು ಇಂಟರ್‌ನೆಟ್ ಕಂಪನಿಯ ಮನೆಯೊಳಗೇ ಇಡಲು ಒಪ್ಪುತ್ತವೆ, ಆದರೆ ಸಂಚಾರ ಇಂತಿಷ್ಟು ಜಿಗಾಬಿಟ್ ಇದ್ದರೆ ಮಾತ್ರ. ಒಂದು ತಾಲ್ಲೂಕಿನ ಒಬ್ಬನಿಗೆ ಆ ಮಟ್ಟ ಮುಟ್ಟುವುದು ಕಷ್ಟ. ನಾಲ್ಕು ತಾಲ್ಲೂಕಿನವರು ಸೇರಿ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಒಂದು ರ‍್ಯಾಕ್ ಹಿಡಿದರೆ ಕ್ಯಾಶ್, ನಿಕ್ಸಿ, ಸಗಟು ಬ್ಯಾಂಡ್‌ವಿಡ್ತ್ ಮೂರೂ ಒಂದೇ ಕಡೆ ಸಿಗುತ್ತವೆ. ಆಗ ಉಳಿಯುವುದು ಅಲ್ಲಿಂದ ಊರಿಗೆ ಫೈಬರ್ ತರುವ ಖರ್ಚು. ಅದನ್ನೂ ಹಂಚಿಕೊಳ್ಳಬಹುದು. ಹಾಲಿನ ಡೇರಿಗಳನ್ನು ನಡೆಸಿದ ಜನಕ್ಕೆ ಪಾಲುಗಾರಿಕೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಅಡ್ಡಿಯಿರುವುದು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಂಡಾರು ಎಂಬ ಭಯದಲ್ಲಿ. ಭಯ ಸುಳ್ಳೂ ಅಲ್ಲ.

ನಕ್ಷೆ ಹರಡಿಕೊಂಡು ನೋಡಿ. ಮೈಸೂರು ರಸ್ತೆ, ಕನಕಪುರ ರಸ್ತೆ, ಮಾಗಡಿ ರಸ್ತೆ ಮೂರೂ ಬೆಂಗಳೂರಿನಿಂದ ಹೊರಟು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಅವನ್ನು ಅಡ್ಡಕ್ಕೆ ಹಾಯುವುದು ಮಳವಳ್ಳಿಯಿಂದ ಕನಕಪುರ, ರಾಮನಗರ, ಮಾಗಡಿ ಮೂಲಕ ತುಮಕೂರಿನ ಕಡೆ ಹೋಗುವ ರಾಜ್ಯ ಹೆದ್ದಾರಿ. ಕನಕಪುರದಿಂದ ರಾಮನಗರಕ್ಕೆ, ರಾಮನಗರದಿಂದ ಮಾಗಡಿಗೆ ತಲಾ ಮೂವತ್ತು ಕಿಲೋಮೀಟರಿನ ಆಸುಪಾಸು. ಈ ಅಡ್ಡರಸ್ತೆಯಲ್ಲಿ ಯಾರಾದರೂ ಬಾಡಿಗೆಗೆ ಪಡೆಯಬಹುದಾದ ಎರಡು ಜೋಡಿ ಡಾರ್ಕ್ ಫೈಬರ್ ಇದ್ದರೆ ಕನಕಪುರದವರು ರಾಮನಗರದಲ್ಲಿ ರೈಲ್‌ಟೆಲ್ ಜೊತೆಗೋ ಹೆದ್ದಾರಿಯ ಇನ್ನೊಬ್ಬರ ಜೊತೆಗೋ ದರ ಮಾತಾಡಬಹುದು. ಹಾರೋಹಳ್ಳಿ ಬಳಿ ಕೇಬಲ್ ತುಂಡಾದರೆ ರಾಮನಗರದ ಮೇಲೆ ಸುತ್ತಿ ಬರಬಹುದು. ಮಾಗಡಿಗೂ ಅದೇ ಲಾಭ. ತಿದ್ದುಪಡಿಯಾದ ಭಾರತ್‌ನೆಟ್ಟಿನ ಉಂಗುರಗಳನ್ನು ಈ ಭಾಗದಲ್ಲಿ ಎಳೆಯುವಾಗ ಆ ಅರವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಖಾಸಗಿ ಸಣ್ಣ ಕಂಪನಿಗಳಿಗೆಂದು ಎಳೆ ಮೀಸಲಿಡಿ, ಬಾಡಿಗೆ ದರ ಮೊದಲೇ ಪ್ರಕಟಿಸಿ ಎಂದು ಕೇಳುವುದು ಈಗಿನ ಕೆಲಸ. ಮಣ್ಣು ಮುಚ್ಚಿದ ಮೇಲೆ ಕೇಳಿದರೆ ಮತ್ತೆ ಅಗೆಯುವ ಖರ್ಚು ಕೇಳಿದವರ ತಲೆಗೇ ಬರುತ್ತದೆ.