ನಿಮಗಿದು ಗೊತ್ತೇ? ಬೇರಿನ ಲೆಕ್ಕ

● ಒಂದೇ ಮರದ ಎರಡು ಗೇರುಬೀಜ. ಒಂದನ್ನು ಹಾರವಾಡದ ಕಡಲಂಚಿನ ಮರಳಲ್ಲಿ, ಇನ್ನೊಂದನ್ನು ಗುಡ್ಡದ ಕೆಂಪು ಮಣ್ಣಲ್ಲಿ ಊರಿ ನೋಡಿ. ಬೇರು ಒಂದೇ ಥರ ಇಳಿಯುವುದಿಲ್ಲ.

● ಕಾರವಾರದ ಕಾಳಿ ಅಳಿವೆಯಲ್ಲಿ ನೀರಿಳಿದಾಗ ಕೆಸರಿನಿಂದ ಬೆರಳುದ್ದದ ಕಡ್ಡಿಗಳು ಎದ್ದು ನಿಂತಿರುತ್ತವೆ. ಸಸಿಗಳೆಂದು ಮೋಸಹೋಗಬೇಡಿ, ಅವು ಕಾಂಡ್ಲಾ (ಮ್ಯಾಂಗ್ರೋವ್) ಗುಂಪಿನ ಅವಿಸೀನಿಯಾ ಮರದ ಉಸಿರುಬೇರುಗಳು. ಎರಡು-ಮೂರು ಮೀಟರ್ ಎತ್ತರದ ಒಂದು ಮರಕ್ಕೇ ಇಂಥವು 10,000ಕ್ಕೂ ಹೆಚ್ಚು ಇರಬಲ್ಲವು. ಪಕ್ಕದಲ್ಲೇ ಇರುವ ರೈಜೋಫೊರಾ ಕಮಾನು ಕಮಾನಾಗಿ ಕಾಲೂರುತ್ತದೆ.

● 1937ರಲ್ಲಿ ಅಮೆರಿಕದ ವಿಜ್ಞಾನಿ ಡಿಟ್ಮರ್, ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆದ ಒಂದೇ ಒಂದು ರೈ ಧಾನ್ಯದ ಗಿಡದ ಬೇರುಗಳ ಉದ್ದ ಲೆಕ್ಕ ಹಾಕಿದರು: ಸುಮಾರು 620 ಕಿ.ಮೀ. ಕಾರವಾರದಿಂದ ಬೆಂಗಳೂರಿಗೆ ಎಳೆದರೂ ಮಿಕ್ಕುತ್ತದೆ!

● ಇಂಥ ಅಳತೆಗೆ ಯಾರಿಗೆ ತಾಳ್ಮೆ? 1973ರ ಹೊತ್ತಿಗೇ ಲಂಗ್ಲಿ ಎಂಬವರು ಬೇರನ್ನು ಕಂಪ್ಯೂಟರಿನಲ್ಲಿ ಬೆಳೆಸಿದ್ದರು. ದಿನಕ್ಕೆ ಎಷ್ಟು ಉದ್ದ, ಎಷ್ಟು ದೂರಕ್ಕೊಂದು ಕವಲು, ಯಾವ ಕೋನ ಎಂದು ಹೇಳಿಕೊಟ್ಟರೆ ಸಾಕು, ಬೇರು ಮೂಡುತ್ತದೆ. ತೊಡಕು ಬೇರೆ ಕಡೆ ಇದೆ. ಅದೇ ಅಂಕಿ ಕೊಟ್ಟರೆ ಅದೇ ಬೇರು ಬರುತ್ತದೆ. ಗದ್ದೆಯಲ್ಲಿ ಒಂದೇ ತಳಿಯ ಎರಡು ಸಸಿಗಳೂ ಹೋಲುವುದಿಲ್ಲ. ಹಾಗಾಗಿ ಈಗಿನ ಕಂಪ್ಯೂಟರ್ ಮಾದರಿಗಳು ಪ್ರತಿ ಅಂಕಿಗೂ ಒಂದು ಸರಾಸರಿ, ಒಂದಿಷ್ಟು ಏರುಪೇರು ಇಟ್ಟುಕೊಂಡು, ಪ್ರತಿ ಕವಲಿಗೂ ಕವಡೆ ಎಸೆದಂತೆ ಬೆಲೆ ಆರಿಸುತ್ತವೆ. ನೂರಾರು ಸಲ ಓಡಿಸಿದರೆ ಸಿಗುವುದು ಒಂದು ಬೇರಲ್ಲ, ಬೇರುಗಳ ಒಂದು ಊರು. ನನಗೆ ಇದೇ ಹೆಚ್ಚು ಪ್ರಾಮಾಣಿಕ ಲೆಕ್ಕವೆನಿಸುತ್ತದೆ.

● ರಂಜಕ ಮೇಲ್ಮಣ್ಣಲ್ಲೇ ಹೆಚ್ಚು. ಅದಕ್ಕೆ ಅಗಲ ಹರಡುವ ಬೇರು ಲೇಸು. ಬರಗಾಲದಲ್ಲಿ ನೀರು ಆಳದಲ್ಲಿ. ಅದಕ್ಕೆ ನೆಟ್ಟಗಿಳಿಯುವ ಬೇರು ಬೇಕು. ಎರಡೂ ಒಟ್ಟಿಗೆ ಸಿಗುವುದು ಕಷ್ಟ.

● ಬೇರಿನ ಕೋನ ಬದಲಿಸುವ 'ಡಿಆರ್‌ಒ1' ಜೀನನ್ನು ಭತ್ತದಲ್ಲಿ ಗುರುತಿಸಿದ್ದು ಜಪಾನಿನ ವಿಜ್ಞಾನಿಗಳು, 2013ರಲ್ಲಿ. ನಮ್ಮಲ್ಲೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಭತ್ತದ ಬೇರಿನ ಗುಣಗಳನ್ನು ಬೆನ್ನಟ್ಟಿದವರು. ನೀರು ನಿಲ್ಲಿಸದೆ ಬೆಳೆಯುವ ಎಂಎಎಸ್ 946-1 (ಶರದ) ಅವರ ತಂಡದ ತಳಿ. ಕರಾವಳಿಯ ಗಜನಿ ಗದ್ದೆಗಳ ಕಗ್ಗ ಭತ್ತದ ಪಾಡು ಇದಕ್ಕೆ ತದ್ವಿರುದ್ಧ: ಉಪ್ಪುನೀರಲ್ಲೇ ನಿಲ್ಲಬೇಕು.

● ಗುಡ್ಡದ ಮಣ್ಣನ್ನು ಬೇರು ಹಿಡಿಯುತ್ತದೆ, ನಿಜ. ಆದರೆ ಆ ಹಿಡಿತ ಬಹುಪಾಲು ಮೇಲಿನ ಒಂದೆರಡು ಮೀಟರಿನಲ್ಲಿ ಮಾತ್ರ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದದ್ದು ಮರೆತಿಲ್ಲವಷ್ಟೆ? ಬುಡ ಕಡಿದ ಗುಡ್ಡಕ್ಕೆ ಗಿಡ ನೆಟ್ಟರಾಯಿತು ಎನ್ನುವವರು ಸಿಕ್ಕರೆ, ಬೇರು ಎಷ್ಟು ಆಳ ಹೋದೀತು ಎಂದು ಕೇಳಿಬಿಡಿ.