ಪ್ರಾರ್ಥನೆಯೂ ದಿನಚರಿಯೂ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿದವರಿಗೆಲ್ಲ ಕಾಯುವುದೆಂದರೇನೆಂಬುದು ಗೊತ್ತು. 1871ರಲ್ಲಿ ಮುಂಬಯಿಯ ರೈಲುದಾರಿ ಈ ಸೀಮೆಯನ್ನು ಹಾದು ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಗುವ ಕವಲುದಾರಿ ತೆರೆಯಿತು. ಆ ನಿಲ್ದಾಣದಲ್ಲಿ ಕುಳಿತವನು ಎರಡು ಬಗೆಯಾಗಿ ಕಾಯಬಹುದು: ಗಾಡಿ ತಡವಾಯಿತೆಂದು ಗೊಣಗುತ್ತಿರಬಹುದು, ಇಲ್ಲವೆ ಪಕ್ಕದಲ್ಲಿ ಕುಳಿತವನತ್ತ ತಿರುಗಿ ಅವನ ಸುಖದುಃಖವನ್ನು ವಿಚಾರಿಸಬಹುದು. ಪ್ರಾರ್ಥನೆಯೂ ಒಂದು ಬಗೆಯ ಕಾಯುವಿಕೆಯೇ. ಅದರಲ್ಲಿಯೂ ಈ ಎರಡು ಬಗೆಗಳುಂಟು.

ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವ, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಕೈ ಜೋಡಿಸುವ ಒಬ್ಬ ಕ್ರೈಸ್ತ ಗೃಹಸ್ಥನನ್ನು ಊಹಿಸಿಕೊಳ್ಳೋಣ. ಅವನು ಶಹಾಬಾದಿನ ಹಾಸುಗಲ್ಲಿನ ಗಣಿಯಲ್ಲಿ ದುಡಿಯುವವನಾಗಿರಬಹುದು, ಚಿಂಚೋಳಿಯ ಕಡೆಯ ಒಕ್ಕಲಿಗನಾಗಿರಬಹುದು, ಸೇಡಂನ ಉಪಾಧ್ಯಾಯನಾಗಿರಬಹುದು. ಇಪ್ಪತ್ತು ವರ್ಷ ಪ್ರಾರ್ಥಿಸಿದ ಮೇಲೆ ಒಂದು ದಿನ ಅವನಿಗೆ ಸಂಶಯ ಹುಟ್ಟುತ್ತದೆ: ‘ನನ್ನ ನಂಬಿಕೆ ಏಕೆ ಇನ್ನೂ ಮೇಲುಮೇಲಕ್ಕೇ ಇದೆ?’ ಈ ಪ್ರಶ್ನೆಯನ್ನು ಉಪೇಕ್ಷಿಸತಕ್ಕದ್ದಲ್ಲ. ನನಗೆ ತೋರುವ ಉತ್ತರವಿಷ್ಟು: ಬೇಡಿದ್ದರಲ್ಲಿ ಎಷ್ಟು ದೊರೆಯಿತೆಂಬ ಲೆಕ್ಕದಿಂದ ಪ್ರಾರ್ಥನೆಯನ್ನು ಅಳೆಯುವವರೆಗೆ ನಂಬಿಕೆ ಆಳಕ್ಕೆ ಇಳಿಯಲಾರದು. ಬೇಡುವವನನ್ನು ಅದು ಎಷ್ಟು ಮಾರ್ಪಡಿಸಿತೆಂಬುದೇ ಸರಿಯಾದ ಅಳತೆ.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನೇ ನೋಡಿ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿಯೂ ಲೂಕನ 11ನೆಯ ಅಧ್ಯಾಯದಲ್ಲಿಯೂ ಅದು ದೊರೆಯುತ್ತದೆ. ಅದರಲ್ಲಿ ‘ನಾನು’ ಎಂಬ ಮಾತಿಲ್ಲ. ಆದಿಯಿಂದ ಅಂತ್ಯದವರೆಗೆ ‘ನಾವು’. ಮತ್ತಾಯನ ಪಾಠದಲ್ಲಿ ಅನ್ನದ ಬೇಡಿಕೆಯೂ ಆ ದಿನದ ಮಟ್ಟಿಗೆ ಮಾತ್ರ, ಅದೂ ಎಲ್ಲರ ಪರವಾಗಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂದಿತು. ಆದರೆ ಮಳೆ ಕೈಕೊಟ್ಟ ವರ್ಷ ಅದೇ ತೊಗರಿಯ ನಾಡಿನಲ್ಲಿ ಜೋಳದ ರೊಟ್ಟಿಗೂ ಚಿಂತೆಪಡುವ ಮನೆಗಳುಂಟು. ಅಂಥಲ್ಲಿ ‘ನಮಗೆ’ ಎಂದು ಬೇಡಿಕೊಂಡವನು ತನ್ನ ಬುಟ್ಟಿಯಲ್ಲಿರುವ ರೊಟ್ಟಿಯನ್ನು ನೆರೆಯವನಿಂದ ಮರೆಮಾಡುವುದು ಹೇಗೆ?

ಮುಂದಿನ ಬೇಡಿಕೆ ಇನ್ನೂ ಕಠಿನವಾದುದು. ಲೂಕನು ಪಾಪಗಳ ಕ್ಷಮೆಯೆಂದು ಹೇಳುವಲ್ಲಿ ಮತ್ತಾಯನ ಗ್ರೀಕ್ ಮೂಲದಲ್ಲಿ ಸಾಲವೆಂಬ ಅರ್ಥದ ಶಬ್ದವಿದೆ. ನಮಗೆ ಸಲ್ಲಬೇಕಾದುದನ್ನು ನಾವು ಬಿಟ್ಟುಕೊಟ್ಟಂತೆ ನಮ್ಮ ಸಾಲವೂ ಮನ್ನವಾಗಲಿ ಎಂಬುದು ಅದರ ಭಾವ. ಸಾಲವೆಂದರೇನೆಂದು ಬೇಸಾಯಗಾರನಿಗೆ ನಿಘಂಟು ನೋಡಿ ತಿಳಿಯಬೇಕಾದುದಿಲ್ಲ. ಪ್ರಾರ್ಥನೆ ಮುಗಿದೊಡನೆ ಮತ್ತಾಯನಲ್ಲಿ ಯೇಸು ವಿವರಿಸುವುದು ಈ ಒಂದು ಬೇಡಿಕೆಯನ್ನು ಮಾತ್ರ. ದಾಯಾದಿಯೊಡನೆ ಮಾತು ಬಿಟ್ಟವನು, ಕೂಲಿಯವನ ಹಣವನ್ನು ನಿಲ್ಲಿಸಿಕೊಂಡವನು ಇಲ್ಲಿ ತಡವರಿಸಲೇಬೇಕು. ಹಾಗೆ ತಡವರಿಸಿದ ಕ್ಷಣವೇ ನಂಬಿಕೆ ಆಳಕ್ಕೆ ಇಳಿಯುವ ಮೊದಲ ಮೆಟ್ಟಿಲು.

ಇದನ್ನು ನಿತ್ಯದ ಅಭ್ಯಾಸಕ್ಕೆ ತರುವುದು ಹೇಗೆ? ಈ ಸೀಮೆಗೆ ಪರಿಚಿತವಾದ ಮೆಥೊಡಿಸ್ಟ್ ಸಭೆಯ ಚರಿತ್ರೆಯಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಪ್ರಾರ್ಥನಾಮಂದಿರದ ಸಾಲವನ್ನು ತೀರಿಸಲು ಸುಮಾರು ಹನ್ನೆರಡು ಮಂದಿಯ ತಂಡಗಳನ್ನು ಕಟ್ಟಿಕೊಂಡರು. ತಲೆಗೆ ವಾರಕ್ಕೊಂದು ಪೆನ್ನಿ. ಹಣವೆತ್ತಲು ಮನೆಮನೆಗೆ ಹೋದವರು ಅಲ್ಲಿಯ ಜಗಳ, ಕುಡಿತ, ಕಷ್ಟಗಳನ್ನು ಕಣ್ಣಾರೆ ಕಂಡರು. ಕಾಸಿನ ಲೆಕ್ಕ ಹೋಗಿ ಬಾಳಿನ ವಿಚಾರಣೆ ಬಂದಿತು; ವಾರವಾರ ಕೂಡಿ ಒಬ್ಬರೊಬ್ಬರ ಕ್ಷೇಮವನ್ನು ಕೇಳುವ ಪದ್ಧತಿ ಬೆಳೆಯಿತು. ಒಂಟಿಯಾದ ಪ್ರಾರ್ಥನೆಗೆ ಒಬ್ಬ ಸ್ನೇಹಿತನ ಪ್ರಶ್ನೆ ದೊಡ್ಡ ಆಸರೆ.

ಕೆಲಸದ ನಡುವೆ ಬಿಡುವೆಲ್ಲಿ ಎನ್ನುವವರು 17ನೆಯ ಶತಮಾನದ ಸಹೋದರ ಲಾರೆನ್ಸನನ್ನು ನೆನೆಯಬಹುದು. ಪ್ಯಾರಿಸಿನ ಮಠದ ಅಡುಗೆಮನೆಯಲ್ಲಿ ಪಾತ್ರೆಗಳ ಗದ್ದಲದ ನಡುವೆಯೇ ಅವನು ದೇವರ ಸಾನ್ನಿಧ್ಯವನ್ನು ಅಭ್ಯಾಸ ಮಾಡಿದನು. ಕಾಯಕದ ಮಹಿಮೆಯನ್ನು 12ನೆಯ ಶತಮಾನದಲ್ಲಿಯೇ ಶರಣರಿಂದ ಕೇಳಿದ ಈ ನಾಡಿಗೆ ಅವನ ಮಾತು ಹೊಸದಾಗಿ ತೋರದು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಐದು ನಿಮಿಷದ ಮೌನ, ನಡುಹಗಲಿನಲ್ಲಿ ಮನಸ್ಸಿಗೆ ಒಗ್ಗದ ಒಬ್ಬನ ಹಿತಚಿಂತನೆ, ರಾತ್ರಿ ಆ ದಿನ ನಡೆದುದರ ನಿಷ್ಠುರವಾದ ಪರಿಶೀಲನೆ: ಆರಂಭಕ್ಕೆ ಇಷ್ಟು ಸಾಕು.

ಬೇಡಿದ್ದು ದೊರೆಯದಿದ್ದರೆ? ಗೆತ್ಸೆಮನೆಯ ತೋಟದಲ್ಲಿ ಯೇಸುವೇ ತನ್ನ ಕಷ್ಟದ ಪಾತ್ರೆ ತೊಲಗಲೆಂದು ಪ್ರಾರ್ಥಿಸಿದನು, ಪಾತ್ರೆ ತೊಲಗಲಿಲ್ಲ. ಆದರೂ ಮಲಗಿದ್ದ ಶಿಷ್ಯರನ್ನು ಎಬ್ಬಿಸಿ, ಬಂದುದನ್ನು ಎದುರಿಸಲು ಎದ್ದು ನಡೆದನು. ಮಗುವಿನ ಕಾಯಿಲೆ ವಾಸಿಯಾಗದ ಮನೆಗೂ, ಬೆಳೆ ಒಣಗಿದ ಹೊಲಕ್ಕೂ ಸುಲಭವಾದ ಸಮಾಧಾನವನ್ನು ಯಾರೂ ಹೇಳಬಾರದು. ಅಲ್ಲಿಗೆ ಹೋಗಿ ಜೊತೆಯಲ್ಲಿ ಕುಳಿತುಕೊಳ್ಳಬಹುದು. ಹಾಗೆ ಕುಳಿತವನ ಪ್ರಾರ್ಥನೆಯಲ್ಲಿ ಮಾತು ಕಡಿಮೆಯಾಗಿರಬಹುದು. ಆದರೆ ಅವನ ನಂಬಿಕೆ ಮೇಲುಮೇಲಕ್ಕೆ ಉಳಿದಿರಲಾರದು.